ನಿಜರೂಪ ತೋರಿಸೆನ್ನುವವರಿಗೆ

ನಮ್ಮಂಥದೇ ಒಂದು ಹೊರನಾಡ ಕನ್ನಡ ಸಂಘದ ಗ್ರಂಥಾಲಯಕ್ಕೆ ನಾನು ಒಂದು ಪೆಟ್ಟಿಗೆ ಪುಸ್ತಕಗಳನ್ನು ಕೊಟ್ಟಿದ್ದೆ. ಊರಿನ ಹೆಸರು ಇಲ್ಲಿ ಅಪ್ರಸ್ತುತ. ಮೂರೇ ವಾರಗಳಲ್ಲಿ ಪೆಟ್ಟಿಗೆ ಮರಳಿ ಬಂತು. ಮೇಲೊಂದು ಚೀಟಿ ಅಂಟಿಸಿತ್ತು: "ಮಾಟಮಂತ್ರ, ಪ್ರಾಣಿಯಾಗುವ ಮನುಷ್ಯರು ಇತ್ಯಾದಿ. ನಮ್ಮ ಸಂಸ್ಕೃತಿಗೆ ಹೊಂದತಕ್ಕವಲ್ಲ. ಅನ್ಯಥಾ ಭಾವಿಸಬಾರದು." ಸುಮಾರು ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳಲ್ಲಿ ಟಿಪ್ಪಣಿ ಬರೆದವಳು ನಾನು. ಕಡತವನ್ನು ಓದಿ ಬರೆದ ಟಿಪ್ಪಣಿ ಯಾವುದು, ಹೊದಿಕೆಯನ್ನು ಮಾತ್ರ ನೋಡಿ ಬರೆದದ್ದು ಯಾವುದು ಎಂಬುದು ನನಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಪೆಟ್ಟಿಗೆಯಲ್ಲಿದ್ದುದು 14 ಸಂಪುಟಗಳ ಒಂದು ಮಾಲೆ. ಅದರಲ್ಲಿ ಮೊದಲನೆಯ ಸಂಪುಟವೇ ಇರಲಿಲ್ಲ. ಅದು ಎಲ್ಲಿ ಎಂದು ಒಬ್ಬ ಮಹನೀಯರೂ ಕೇಳಲಿಲ್ಲ.

ನಾನು ಅನ್ಯಥಾ ಭಾವಿಸಿದ್ದೇನೆ. ಆದ್ದರಿಂದಲೇ ಈ ಲೇಖನ.

ಪೆಟ್ರೀಶಿಯಾ ಬ್ರಿಗ್ಸ್ ಎಂಬ ಅಮೆರಿಕನ್ ಲೇಖಕಿಯ ಮರ್ಸಿ ಥಾಂಪ್ಸನ್ ಮಾಲೆ 2006ರಲ್ಲಿ 'ಮೂನ್ ಕಾಲ್ಡ್' ಕಾದಂಬರಿಯಿಂದ ಆರಂಭವಾಯಿತು. 2024ರ 'ವಿಂಟರ್ ಲಾಸ್ಟ್' ಅದರ ಹದಿನಾಲ್ಕನೆಯದು. ಇದೇ ಲೋಕದಲ್ಲಿ ನಡೆಯುವ ಒಂದು ಸೋದರ ಮಾಲೆಯೂ ಉಂಟು. ಇಂಥ ಕೃತಿಗಳನ್ನು ಅಲ್ಲಿ ಅರ್ಬನ್ ಫ್ಯಾಂಟಸಿ ಎನ್ನುತ್ತಾರೆ. ಎಂದರೆ ಅದ್ಭುತವು ಕಾಡಿನಲ್ಲಿ, ಅರಮನೆಯಲ್ಲಿ ನಡೆಯದೆ ನಮ್ಮ ನಿಮ್ಮ ಬೀದಿಯಲ್ಲಿ, ಗ್ಯಾರೇಜಿನಲ್ಲಿ, ಪೊಲೀಸು ಠಾಣೆಯಲ್ಲಿ ನಡೆಯುವ ಕಥೆ. ನನಗೆ ಇದರ ಪರಿಚಯವಾದದ್ದು 2008ರಲ್ಲಿ, ಮುಂಬಯಿಯ ಹುತಾತ್ಮಾ ಚೌಕದ ಫುಟ್‌ಪಾತ್ ಅಂಗಡಿಯಲ್ಲಿ. ಸಿಕ್ಕಿದ್ದು ಎರಡನೆಯ ಸಂಪುಟವಾದ 'ಬ್ಲಡ್ ಬೌಂಡ್'. ಮುಲುಂಡಿಗೆ ಹೋಗುವ ಲೋಕಲ್ ಗಾಡಿಯ ಮಹಿಳೆಯರ ಡಬ್ಬಿಯಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ಅನಂತರ ಮೊದಲನೆಯದನ್ನು ಹುಡುಕಿ ತಂದೆ. ಆಮೇಲೆ ನಾಗಪುರ, ಹೈದರಾಬಾದು, ಮತ್ತೆ ಮುಂಬಯಿ ಎಂದು ವರ್ಗಾವಣೆಯ ಆದೇಶಗಳು ಬಂದ ಹಾಗೆಯೇ ಒಂದೊಂದು ಸಂಪುಟವೂ ಬಂತು. ನಾನು ಓದಿದ್ದನ್ನು ಮಗಳು ಓದಿದಳು. ಕೊನೆಕೊನೆಗೆ ಅವಳು ಓದಿ ಬಿಟ್ಟದ್ದನ್ನು ನಾನು ಓದಿದೆ.

ನಾಯಕಿ ಮರ್ಸಿ ಇತಿಹಾಸದ ಪದವೀಧರೆ. ಹೊಟ್ಟೆಪಾಡಿಗೆ ಫೋಕ್ಸ್‌ವ್ಯಾಗನ್ ಕಾರುಗಳನ್ನು ರಿಪೇರಿ ಮಾಡುತ್ತಾಳೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಪ್ರವಾಸಭತ್ಯೆಯ ಬಿಲ್ಲುಗಳಲ್ಲಿ ತಪ್ಪು ಹುಡುಕುತ್ತ ಕುಳಿತ ನನಗೆ ಅವಳ ಮೇಲೆ ಆಪ್ತಭಾವ ಮೂಡಿದ್ದರಲ್ಲಿ ಆಶ್ಚರ್ಯವೇನಿದೆ? ಅವಳು ಮನಸ್ಸು ಮಾಡಿದ ಕ್ಷಣದಲ್ಲಿ ಕೊಯೋಟಿ ಆಗಬಲ್ಲಳು. ಕೊಯೋಟಿ ಎಂದರೆ ಉತ್ತರ ಅಮೆರಿಕದ ಬಯಲಿನ ಪ್ರಾಣಿ; ನಮ್ಮ ಗುಳ್ಳೆನರಿಗೆ ದಾಯಾದಿ ಎನ್ನಬಹುದು. ಅವಳ ಹಿತ್ತಲಿನ ಬೇಲಿಯಾಚೆಗೆ ತೋಳಮಾನವರ ಗುಂಪಿನ ನಾಯಕ ಆಡಮ್‌ನ ದೊಡ್ಡ ಬಂಗಲೆ. ಅವನ ಮೇಲಿನ ಸಿಟ್ಟಿಗೆ ಇವಳು ಅವನ ಕಿಟಕಿಗೆ ನೇರವಾಗಿ ಕಾಣುವಂತೆ ಒಂದು ಮುರುಕಲು ಕಾರನ್ನು ನಿಲ್ಲಿಸಿರುತ್ತಾಳೆ. ಅವನು ಹೆಚ್ಚು ದರ್ಪ ತೋರಿದಾಗ ಅದರ ಇನ್ನೊಂದು ಭಾಗವನ್ನು ಕಳಚುತ್ತಾಳೆ. ಸರ್ಕಾರಿ ವಸತಿಗೃಹಗಳಲ್ಲಿ ಮೇಲಧಿಕಾರಿಯ ನೆರೆಯಲ್ಲಿ ವಾಸಿಸಿದವರಿಗೆ ಈ ಸುಖ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇದು ಮನರಂಜನೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬರಿಯ ಮನರಂಜನೆ ಎಂಬ ಮಾತಿಗೆ ಮಾತ್ರ ನನ್ನ ತಕರಾರು.

ಈ ಕಥೆಗಳು ನಡೆಯುವ ನೆಲವನ್ನೇ ನೋಡೋಣ. ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ, ಸ್ನೇಕ್, ಯಾಕಿಮಾ ನದಿಗಳು ಕೂಡುವಲ್ಲಿ ಕೆನೆವಿಕ್, ಪಾಸ್ಕೊ, ರಿಚ್‌ಲ್ಯಾಂಡ್ ಎಂಬ ಮೂರು ಊರುಗಳಿವೆ. ಇವು ಲೇಖಕಿ ಕಟ್ಟಿದ ಊರುಗಳಲ್ಲ, ಭೂಪಟದಲ್ಲಿರುವ ಊರುಗಳು. 1943ರಲ್ಲಿ ಅಮೆರಿಕದ ಸರ್ಕಾರ ಅಲ್ಲಿಯ ಹ್ಯಾನ್‌ಫರ್ಡ್ ಮತ್ತು ವೈಟ್ ಬ್ಲಫ್ಸ್ ಎಂಬ ರೈತರ ಊರುಗಳನ್ನು ತೆರವು ಮಾಡಿಸಿತು. ಅದೇ ನದೀತೀರದಲ್ಲಿದ್ದ ವಾನಪಮ್ ಮೂಲನಿವಾಸಿಗಳೂ ಜಾಗ ಬಿಡಬೇಕಾಯಿತು. ಅಲ್ಲಿ ತಯಾರಾದ ಪ್ಲುಟೋನಿಯಂ 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನಲ್ಲಿತ್ತು. ದುಡಿದ ಸಾವಿರಾರು ಜನರಲ್ಲಿ ಬಹುಪಾಲಿನವರಿಗೆ ತಾವು ಏನನ್ನು ತಯಾರಿಸುತ್ತಿದ್ದೇವೆಂಬುದೇ ಗೊತ್ತಿರಲಿಲ್ಲ. ಆ ಕಾರ್ಖಾನೆಗಳು ಉಳಿಸಿಹೋದ ಸುಮಾರು 5.6 ಕೋಟಿ ಗ್ಯಾಲನ್ ವಿಕಿರಣಶೀಲ ತ್ಯಾಜ್ಯಕ್ಕಾಗಿ ನೆಲದಡಿಯಲ್ಲಿ 177 ತೊಟ್ಟಿಗಳನ್ನು ಕಟ್ಟಲಾಯಿತು. ಅದನ್ನು ಗಾಜಾಗಿಸಿ ಹೂಳುವ ಕೆಲಸ ದಶಕಗಳಿಂದ ತೆವಳುತ್ತ ಸಾಗಿದೆ. ರಿಚ್‌ಲ್ಯಾಂಡ್ ಅಂತೂ 1958ರವರೆಗೆ ಸರ್ಕಾರದ ಸ್ವತ್ತಾಗಿದ್ದ ಊರು. ಅಲ್ಲಿಯ ನೌಕರರ ಮನೆಗಳನ್ನು ಎ, ಬಿ ಎಂದು ಅಕ್ಷರಗಳಿಂದಲೇ ವಿಂಗಡಿಸಿದ್ದರು. ಇಂದಿಗೂ ಅವುಗಳಿಗೆ ಅಕ್ಷರಮಾಲೆಯ ಮನೆಗಳೆಂದೇ ಹೆಸರು. ಟೈಪ್ 3ರಿಂದ ಟೈಪ್ 4ಕ್ಕೆ ಬಡ್ತಿ ಪಡೆದ ದಿನ ಮನೆಯಲ್ಲಿ ಹೋಳಿಗೆ ಮಾಡಿದ ನನಗೆ ಆ ಊರು ಪರದೇಶವೆನಿಸಲಿಲ್ಲ.

ಅದೇ ನದಿಯ ಕೆಳಭಾಗದಲ್ಲಿ ಸಿಲೈಲೊ ಎಂಬ ಜಲಪಾತವಿತ್ತು. ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಸಾಲ್ಮನ್ ಮೀನು ಹಿಡಿಯಲು, ವ್ಯಾಪಾರ ಮಾಡಲು, ನಂಟು ಬೆಳೆಸಲು ಕೂಡುತ್ತಿದ್ದ ಸ್ಥಳ. 1957ರ ಮಾರ್ಚ್ 10ರಂದು ದಿ ಡ್ಯಾಲ್ಸ್ ಅಣೆಕಟ್ಟಿನ ಬಾಗಿಲು ಮುಚ್ಚಿದರು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿ ಅದರ ಸದ್ದೂ ನಿಂತಿತು. ಹಳೆಯ ಬಾಗಲಕೋಟೆಯ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದದ್ದನ್ನು ಕಂಡ ನಮ್ಮವರಿಗೆ ಇದರ ಅರ್ಥವನ್ನು ಹೇಳಿಕೊಡಬೇಕೆ? ಮಾಲೆಯ ಆರನೆಯ ಕಾದಂಬರಿ 'ರಿವರ್ ಮಾರ್ಕ್ಡ್' 2011ರಲ್ಲಿ ಬಂತು. ಅದರ ಕಥೆ ನಡೆಯುವುದು ಈ ನದಿಯ ದಂಡೆಯಲ್ಲಿ. ನದಿಯೊಳಗಿಂದ ಎದ್ದ ಭೂತವೊಂದು ಮನುಷ್ಯರನ್ನು ನುಂಗುತ್ತದೆ. ಮಕ್ಕಳು ಅದನ್ನು ಭೂತದ ಕಥೆಯೆಂದೇ ಓದಲಿ, ತಪ್ಪಿಲ್ಲ. ಮುಳುಗಿಸಿದ್ದು ಸುಮ್ಮನೆ ಮಲಗಿರುವುದಿಲ್ಲ ಎಂಬ ಮಾತು ನನಗೆ ಅಲ್ಲಿ ಕೇಳಿಸಿತು.

ಈಗ ಮರ್ಸಿಯ ಹುಟ್ಟಿಗೆ ಬರುತ್ತೇನೆ. ನನ್ನ ಜಗಳದ ಮೂಲ ಅಲ್ಲಿದೆ. ತಾಯಿ ಬಿಳಿಯಳು, ಹದಿಹರೆಯದ ಹುಡುಗಿ. ತಂದೆ ಬ್ಲ್ಯಾಕ್‌ಫೀಟ್ ಬುಡಕಟ್ಟಿನ ರೋಡಿಯೊ ಸವಾರ; ಮಗಳನ್ನು ಎತ್ತಿಕೊಳ್ಳುವ ಮೊದಲೇ ಕಣ್ಮರೆಯಾದವನು. ಒಂದು ಬೆಳಿಗ್ಗೆ ತಾಯಿ ತೊಟ್ಟಿಲಿಗೆ ಬಗ್ಗಿ ನೋಡಿದರೆ ಹಸುಗೂಸಿನ ಜಾಗದಲ್ಲಿ ಕೊಯೋಟಿಯ ಮರಿ. ಏನು ಮಾಡಬೇಕೆಂದು ತೋಚದೆ ಅವಳು ಮಗುವನ್ನು ಮೊಂಟಾನಾದ ಬೆಟ್ಟಗಳಲ್ಲಿರುವ ತೋಳಮಾನವರಿಗೆ ಒಪ್ಪಿಸುತ್ತಾಳೆ. ಹೀಗೆ ತೋಳಗಳ ನಡುವೆ ಬೆಳೆದೂ ತೋಳವಲ್ಲದವಳು, ಬಿಳಿಯರ ಹೆಸರಿದ್ದೂ ಪೂರ್ತಿ ಬಿಳಿಯಳಲ್ಲದವಳು, ತಂದೆಯ ರಕ್ತವಿದ್ದೂ ಅವರ ಭಾಷೆಯ ಒಂದು ಶಬ್ದವನ್ನೂ ಕಲಿಯದವಳು ಮರ್ಸಿ. ತನ್ನ ಶಕ್ತಿ ಎಲ್ಲಿಂದ ಬಂತೆಂದು ಹೇಳಿಕೊಡುವವರು ಅವಳಿಗೆ ಯಾರೂ ಇಲ್ಲ. ಪುಸ್ತಕಗಳಿಂದ, ಅರೆಬರೆ ಕೇಳಿದ ಕಥೆಗಳಿಂದ, ಊಹೆಯಿಂದ ತನ್ನ ಕುಲದ ಚರಿತ್ರೆಯನ್ನು ತಾನೇ ಜೋಡಿಸಿಕೊಳ್ಳುತ್ತಾಳೆ.

ಓದುಗ ಮಹನೀಯರೇ, ಈ ಹುಡುಗಿ ನಿಮಗೆ ಅಪರಿಚಿತಳೆ? ನಮ್ಮ ಮನೆಗಳಲ್ಲಿ ಇಂಥವರಿಲ್ಲವೆ? ಅಡುಗೆಮನೆಯಲ್ಲಿ ಕನ್ನಡ, ಜಿನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ರಿಕ್ಷಾದವನೊಡನೆ ಹಿಂದಿ. ಒಂದೇ ಉಸಿರಿನಲ್ಲಿ ನಾಲ್ಕು ರೂಪ ತಾಳುವ ಮಕ್ಕಳು ಅವರು. ಬ್ರಿಗ್ಸ್ ಅವರ ಲೋಕದಲ್ಲಿ ಒಂದು ಸೂಕ್ಷ್ಮವಿದೆ. ತೋಳಮಾನವರಿಗೆ ರೂಪಾಂತರವೆಂದರೆ ಎಲುಬು ಮುರಿದು ಮತ್ತೆ ಕೂಡುವ ಯಾತನೆ, ನಿಮಿಷಗಟ್ಟಲೆ ನಡೆಯುವ ಹಿಂಸೆ. ಮರ್ಸಿಗೆ ಮಾತ್ರ ಅದು ಕಣ್ಣೆವೆ ಮುಚ್ಚಿ ತೆರೆದಷ್ಟು ಸಲೀಸು. ಹಿರಿಯರಾದ ನಮಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಇಂದಿಗೂ ಎಲುಬು ನೋಯುವ ಕೆಲಸ. ಮಕ್ಕಳ ಸಲೀಸನ್ನು ಕಂಡು ನಾವು ಪಡುವ ಕೋಪದಲ್ಲಿ ಸ್ವಲ್ಪ ಅಸೂಯೆಯೂ ಬೆರೆತಿರಬಹುದೆ ಎಂದು ಒಮ್ಮೊಮ್ಮೆ ನನ್ನನ್ನೇ ಕೇಳಿಕೊಂಡಿದ್ದೇನೆ.

ನನ್ನ ಮಗಳಿಗೆ ಹದಿಮೂರು ವರ್ಷವಾಗಿದ್ದಾಗಿನ ಮಾತು. ನಾವು ಆಗ ಇದ್ದ ಊರಿನ ಸಂಘದ ರಾಜ್ಯೋತ್ಸವದಲ್ಲಿ ಅವಳನ್ನು ವೇದಿಕೆಗೆ ಕರೆದರು. ನಾಲ್ಕು ಮಾತು ಆಡಲು ಹೇಳಿದರು. ಅಜ್ಜಿಯ ಊರಿನ ಬಾವಿಯ ಬಗ್ಗೆ ಮಾತಾಡತೊಡಗಿದಳು. ಮಧ್ಯೆ ಎರಡು ಮರಾಠಿ ಶಬ್ದ, ಒಂದು ಹಿಂದಿ ಕ್ರಿಯಾಪದ ನುಸುಳಿದವು. ಹಿರಿಯರೊಬ್ಬರು ಎದ್ದು ಮೈಕನ್ನು ಕೈಗೆ ತೆಗೆದುಕೊಂಡು, "ಮೊದಲು ಶುದ್ಧ ಕನ್ನಡ ಕಲಿತು ಬಾ ತಂಗಿ, ಆಮೇಲೆ ಮಾತಾಡುವಿಯಂತೆ" ಎಂದರು. ಸಭೆ ನಕ್ಕಿತು. ಕೆಟ್ಟ ಮನಸ್ಸಿನಿಂದ ನಕ್ಕವರಲ್ಲ, ಅದು ನನಗೆ ಗೊತ್ತು. ಮೊದಲ ಸಾಲಿನಲ್ಲಿ ಕುಳಿತ ನಾನೂ ಮುಜುಗರ ಮುಚ್ಚಿಕೊಳ್ಳಲು ನಕ್ಕೆ. ಮಗಳು ಆಮೇಲೆ ಯಾವ ಸಂಘದ ಮೆಟ್ಟಿಲನ್ನೂ ಹತ್ತಲಿಲ್ಲ. ಆ ರಾತ್ರಿ ಅವಳು ಓದುತ್ತ ಮಲಗಿದ್ದು 'ಮೂನ್ ಕಾಲ್ಡ್' ಕಾದಂಬರಿಯನ್ನು. "ಇವಳಿಗೆ ಯಾರೂ ಪರೀಕ್ಷೆ ಇಡೋದಿಲ್ಲ ಆಯಿ" ಎಂದಳು. ಆಯಿ ಎಂಬ ಶಬ್ದ ಮರಾಠಿಯೋ, ನಮ್ಮ ಉತ್ತರ ಕರ್ನಾಟಕದ ಮನೆಮಾತೋ ಎಂದು ಆ ಹಿರಿಯರನ್ನು ಕೇಳಬೇಕಿತ್ತು.

ಅವಳ ಮಾತು ಪೂರ್ತಿ ನಿಜವಲ್ಲ. ಆ ಲೋಕದಲ್ಲೂ ಪರೀಕ್ಷೆಗಳುಂಟು. ಮಾಲೆಯ ರಾಜಕೀಯವೆಲ್ಲ ಅದರ ಸುತ್ತಲೇ ಹೆಣೆದುಕೊಂಡಿದೆ. ಅಲ್ಲಿ ಯಕ್ಷಕುಲದವರು (ಫೇ ಎಂಬ ಶಬ್ದಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಹೊಳೆಯುತ್ತಿಲ್ಲ) ಒಂದು ದಿನ ತಾವು ಇದ್ದೇವೆಂದು ಜಗತ್ತಿಗೆ ಪ್ರಕಟಿಸಿಕೊಳ್ಳುತ್ತಾರೆ. ಪರಿಣಾಮವೇನು? ಸರ್ಕಾರ ಅವರಿಗೆ ಮೀಸಲು ಪ್ರದೇಶಗಳನ್ನು ಗೊತ್ತುಮಾಡುತ್ತದೆ. ಅಮೆರಿಕದ ಮೂಲನಿವಾಸಿಗಳನ್ನು ಕೂಡಿಹಾಕಿದ ಜಾಗಗಳಿಗೆ ಇರುವ ಹೆಸರೇ ಇವಕ್ಕೂ. ಕಥೆಯಲ್ಲಿ ವಾಲಾ ವಾಲಾ ಬಳಿಯ ಮೀಸಲು ಪ್ರದೇಶಕ್ಕೆ ರಾಷ್ಟ್ರಾಧ್ಯಕ್ಷ ರೇಗನ್ ಅವರ ಹೆಸರನ್ನಿಟ್ಟಿದ್ದಾರೆ. ಈ ವ್ಯಂಗ್ಯವನ್ನು ಗುರುತಿಸಲಾರದವರು ಇದನ್ನು ಮಕ್ಕಳ ಕಥೆಯೆನ್ನುತ್ತಾರೆ. ಮರ್ಸಿಗೆ ಕೆಲಸ ಕಲಿಸಿದ ಮುದುಕ ಝೀ, ಕಬ್ಬಿಣವನ್ನು ಪಳಗಿಸಬಲ್ಲ ಕಮ್ಮಾರ. ತನ್ನ ನಿಜವನ್ನು ಪ್ರಕಟಿಸಲೇಬೇಕಾಗಿ ಬಂದಾಗ ಗ್ಯಾರೇಜನ್ನೇ ಇವಳಿಗೆ ಮಾರುತ್ತಾನೆ. ಮೂರನೆಯ ಕಾದಂಬರಿ 'ಐರನ್ ಕಿಸ್ಡ್'ನಲ್ಲಿ (2008) ಅವನ ಮೇಲೆ ಕೊಲೆಯ ಆರೋಪ ಬರುತ್ತದೆ. ಆಗ ಅವನನ್ನು ಬಲಿಗೊಡಲು ಮುಂದಾಗುವವರು ಪರಕೀಯರಲ್ಲ, ತಮ್ಮ ಗುಟ್ಟು ಉಳಿದರೆ ಸಾಕೆನ್ನುವ ಅವನದೇ ಕುಲದ ಹಿರಿಯರು. ಅವನನ್ನು ಉಳಿಸಲು ಹೆಣಗುವವಳು ಅವನ ಕುಲದವಳಲ್ಲದ ಮರ್ಸಿ.

ಸೋದರ ಮಾಲೆಯ 'ಫೇರ್ ಗೇಮ್' ಇನ್ನೂ ಕಟುವಾದದ್ದು. 2012ರ ಕಾದಂಬರಿ. ಯಕ್ಷಕುಲದ ತಂದೆಯೊಬ್ಬ ತನ್ನ ಸ್ವರೂಪವನ್ನು ಅಡಗಿಸಿ ವಕೀಲನಾಗಿ, ಕಾನೂನನ್ನು ನಂಬಿ ಬದುಕುತ್ತಿರುತ್ತಾನೆ. ನರ್ತಕಿಯಾದ ಅವನ ಮಗಳನ್ನು ಅಪಹರಿಸಿ ಹಿಂಸಿಸಿದವರು ಸಿಕ್ಕಿಬೀಳುತ್ತಾರೆ, ಸಾಕ್ಷ್ಯವೂ ಸಿಗುತ್ತದೆ. ಆದರೂ ಜ್ಯೂರಿ ಅಪರಾಧಿಯನ್ನು ಬಿಡುಗಡೆ ಮಾಡುತ್ತದೆ, ಏಕೆಂದರೆ ಬಲಿಯಾದವರು ಮನುಷ್ಯರಲ್ಲವಲ್ಲ! ಆ ತಂದೆ ಬಹಿರಂಗವಾಗಿ ಅಪರಾಧಿಯ ತಲೆ ಕಡಿದು, ಇನ್ನು ನಿಮ್ಮ ಕಾನೂನಿಗೂ ನಮಗೂ ಸಂಬಂಧವಿಲ್ಲವೆಂದು ಸಾರುತ್ತಾನೆ. ಯಕ್ಷಕುಲದವರೆಲ್ಲ ಮೀಸಲು ಪ್ರದೇಶಗಳಿಗೆ ಹೊರಟು ಅವುಗಳನ್ನೇ ಕೋಟೆಗಳನ್ನಾಗಿ ಮಾಡಿಕೊಳ್ಳುತ್ತಾರೆ. ಕೂಡಿಹಾಕಿದ ಜಾಗ ಹೀಗೆ ಕೋಟೆಯಾಗುವುದು ಕಾಲ್ಪನಿಕವೆ? ಆ ತಂದೆಯ ಕೃತ್ಯವನ್ನು ನಾನು ಸಮರ್ಥಿಸುವುದಿಲ್ಲ. ನಾನು ಸರ್ಕಾರಿ ನೌಕರಳು. ಕಾನೂನಿನ ಆಚೆಗೆ ನ್ಯಾಯ ಹುಡುಕುವ ಅನುಮತಿ ನನಗಿಲ್ಲ. ಆದರೆ ಅವನು ಅಲ್ಲಿಗೆ ಹೇಗೆ ತಲುಪಿದನೆಂಬುದನ್ನು ಇಷ್ಟು ನೇರವಾಗಿ ಹೇಳಿದ ಕಥೆಗಳನ್ನು ನಾನು ಹೆಚ್ಚು ಓದಿಲ್ಲ.

ನಮ್ಮ ಅನುಭವವನ್ನೇ ಕೆದಕೋಣ. 1966ರ ನಂತರದ ವರ್ಷಗಳಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ದಾದರದ ಚಾಳಿನಲ್ಲಿದ್ದ ನನ್ನ ಸೋದರಮಾವ ಮಕ್ಕಳಿಗೆ ರಸ್ತೆಯಲ್ಲಿ ಕನ್ನಡ ಮಾತಾಡಬೇಡಿರೆಂದು ಕಟ್ಟಪ್ಪಣೆ ಮಾಡಿದ್ದರು. ಮನೆಯ ಹೊಸಿಲು ದಾಟಿದರೆ ಬೇರೆ ರೂಪ! ಇದನ್ನು ಹೇಳುವಾಗ ನಮ್ಮವರ ಕಣ್ಣಲ್ಲಿ ನೀರು ಬರುತ್ತದೆ. ಬರಲಿ. ಆದರೆ 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರು ಹೊತ್ತಿ ಉರಿದಾಗ ತಮಿಳು ಮಾತಾಡುವ ತಾಯಂದಿರು ತಮ್ಮ ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದದ್ದನ್ನು ನಾವು ಎಷ್ಟು ಬಾರಿ ನೆನೆದಿದ್ದೇವೆ? ನಿಜರೂಪ ತೋರಿಸೆಂದು ಕೇಳುವ ಅಧಿಕಾರ ಒಮ್ಮೆ ಅವರ ಕೈಯಲ್ಲಿ, ಇನ್ನೊಮ್ಮೆ ನಮ್ಮ ಕೈಯಲ್ಲಿ. ವೇದಿಕೆಯ ಮೇಲೆ ಮೈಕು ಕಸಿದುಕೊಂಡ ಆ ಹಿರಿಯರೂ ಬಾಲ್ಯದಲ್ಲಿ ಇಂಥದೇ ಯಾವುದೋ ರಸ್ತೆಯಲ್ಲಿ ಬಾಯಿ ಮುಚ್ಚಿಕೊಂಡು ನಡೆದವರಿರಬಹುದು.

ಇನ್ನು, "ನಮ್ಮಲ್ಲಿ ಇದೆಲ್ಲ ಮೊದಲೇ ಇತ್ತು" ಎನ್ನುವವರ ಮಾತು. ಒಬ್ಬರು ನನಗೆ ದೂರವಾಣಿಯಲ್ಲಿ ಹೇಳಿದರು: "ಅಕ್ಕಾರ, ಮಾರೀಚ ಜಿಂಕಿ ಆಗಲಿಲ್ಲೇನ್ರಿ? ಕಾಮರೂಪಿ ಅನ್ನೋ ಶಬ್ದನ ನಮ್ಮದು. ಅವರದು ನೋಡಿ ನಾವೇನ್ ಕಲಿಯೋದೈತಿ?" ಸರಿ, ಮಾರೀಚನಾದ. ಈ ಪ್ರಕಾರದ ಇನ್ನೊಂದು ಪ್ರಸಿದ್ಧ ಮಾಲೆ ಇಲೊನಾ ಆಂಡ್ರೂಸ್ ಎಂಬ ಹೆಸರಿನಲ್ಲಿ ದಂಪತಿಗಳಿಬ್ಬರು ಸೇರಿ ಬರೆಯುವಂಥದು. ಅದರ 2009ರ 'ಮ್ಯಾಜಿಕ್ ಸ್ಟ್ರೈಕ್ಸ್' ಕಾದಂಬರಿಯಲ್ಲಿ ನಮ್ಮ ರಾಕ್ಷಸರೇ ಅಟ್ಲಾಂಟಾ ನಗರಕ್ಕೆ ಬರುತ್ತಾರೆ, ವಿಮಾನವೂ ಬರುತ್ತದೆ. ನನಗೆ ಅದು ರುಚಿಸಲಿಲ್ಲ. ಧರ್ಮಕ್ಕೆ ಅಪಮಾನವಾಯಿತೆಂಬ ಕಾರಣಕ್ಕಲ್ಲ. ಅಲ್ಲಿ ರಾಕ್ಷಸನಿಗೆ ಕೊಲ್ಲುವುದು, ಸಾಯುವುದು ಎರಡೇ ಕೆಲಸ. ನಮ್ಮ ಕಥೆಯ ಮಾರೀಚನಿಗೆ ತಾನು ಸಾಯುವುದು ಗೊತ್ತಿದೆ, ರಾವಣನಿಗೆ ಬೇಡವೆಂದು ಬುದ್ಧಿ ಹೇಳುತ್ತಾನೆ, ಹೇಳಿಯೂ ಹೋಗಿ ಸಾಯುತ್ತಾನೆ. ವೇಷ ಮಾತ್ರ ದಾಟಿ ಬಂತು, ಒಳಗಿನ ಸಂಕಟ ದಾಟಲಿಲ್ಲ. ಹಾಗಾದರೆ ಪರಕೀಯರು ನಮ್ಮ ಕಥೆಯನ್ನು ಮೇಲುಮೇಲೆ ಓದಿದರೆಂದು ದೂರುವ ನಾವು ಅವರ ಕಥೆಯನ್ನು ಓದದೆಯೇ ಹಿಂದಿರುಗಿಸುವುದು ಯಾವ ನ್ಯಾಯ?

ನಮ್ಮಲ್ಲಿ ಇದ್ದದ್ದನ್ನಾದರೂ ನಾವು ಸರಿಯಾಗಿ ಕೇಳಿಸಿಕೊಂಡಿದ್ದೇವೆಯೆ? ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂದು ಚಿತ್ರ ಮಾಡಿದ ಕನ್ನಡದ ಜನಪದ ಕಥೆಯೊಂದಿದೆ, ಹೂವಾಗುವ ಹುಡುಗಿಯದು. ನೀರೆರೆದರೆ ಹುಡುಗಿ ಹೂವಿನ ಮರವಾಗುತ್ತಾಳೆ. ಮತ್ತೆ ನೀರೆರೆದರೆ ಹುಡುಗಿಯಾಗುತ್ತಾಳೆ. ಟೊಂಗೆ ಮುರಿಯಬಾರದು, ಎಲೆಗೆ ನೋವಾಗಬಾರದು. ಗಂಡನ ತಂಗಿ ತನ್ನ ಗೆಳತಿಯರ ಮುಂದೆ ಮೆರೆಯಲು ಅತ್ತಿಗೆಯನ್ನು ತೋಟಕ್ಕೆ ಕರೆದೊಯ್ದು ಮರವಾಗೆಂದು ಒತ್ತಾಯಿಸುತ್ತಾಳೆ. ಹೂ ಕಿತ್ತು, ಟೊಂಗೆ ಮುರಿದು, ನೀರನ್ನು ಹೇಗೋ ಎರಚಿ ಎಲ್ಲರೂ ಮನೆಗೆ ಓಡುತ್ತಾರೆ. ಹುಡುಗಿ ಅರ್ಧ ಶರೀರವಾಗಿ, ಕೈಕಾಲಿಲ್ಲದ ಮುದ್ದೆಯಾಗಿ ಬಿದ್ದಿರುತ್ತಾಳೆ. ಪ್ರತಿ ನವೆಂಬರಿನಲ್ಲಿ ನಮ್ಮ ವೇದಿಕೆಗಳ ಮೇಲೆ ನಡೆಯುವುದು ಇದಕ್ಕಿಂತ ಬೇರೆಯೆ? ಅತಿಥಿಗಳೆದುರು ಮಕ್ಕಳು ಕನ್ನಡದ ಹೂ ಬಿಡಬೇಕು. ಮರಳಿ ನೀರೆರೆಯುವ ತಾಳ್ಮೆ ಯಾರಿಗೂ ಇಲ್ಲ. ಮರ್ಸಿಯ ಕಥೆ ಓದಿದ ಮೇಲೆಯೇ ನನಗೆ ನಮ್ಮ ಅಜ್ಜಿಯರ ಕಥೆಯ ಈ ಕೊನೆ ಅರ್ಥವಾದದ್ದು. ಹಾಗೆ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾರ್ನಾಡರ 'ನಾಗಮಂಡಲ'ದ ರಾಣಿಯನ್ನು ಪಂಚಾಯಿತಿಯ ಹಿರಿಯರು ದಿವ್ಯಕ್ಕೆ ನಿಲ್ಲಿಸಿದಾಗ ಅವಳು ಹೇಳುವ ಸತ್ಯವೂ ಅವರು ಕೇಳಿದ ಸತ್ಯವಲ್ಲ. ಪರೀಕ್ಷೆ ಇಟ್ಟವರು ಪೂಜೆ ಮಾಡಿ ಹೋಗುತ್ತಾರೆ, ಅಷ್ಟೆ.

ಅಗ್ಗದ ಸಾಹಿತ್ಯ, ಮುಗಿಯದ ಸರಣಿ, ಹಣ ಮಾಡುವ ದಂಧೆ ಎಂಬ ಆಕ್ಷೇಪಕ್ಕೆ ಬರೋಣ. ಮಾಲೆ ದೀರ್ಘವಾದದ್ದೇ ನನಗೆ ಅದರ ಮುಖ್ಯ ಗುಣವಾಗಿ ಕಾಣುತ್ತದೆ. 'ಐರನ್ ಕಿಸ್ಡ್'ನ ಕೊನೆಯಲ್ಲಿ ಮರ್ಸಿಯ ಮೇಲೆ ಅತ್ಯಾಚಾರ ನಡೆಯುತ್ತದೆ. ಮಾಡಿದವನು ತೋಳನಲ್ಲ, ಪಿಶಾಚಿಯಲ್ಲ, ಸಾಧಾರಣ ಮನುಷ್ಯ. ನಮ್ಮ ಸಿನಿಮಾಗಳಲ್ಲಾಗಿದ್ದರೆ ಅವಳು ಸಾಯಬೇಕಿತ್ತು, ಇಲ್ಲವೇ ಮೂರನೆಯ ರೀಲಿನಲ್ಲಿ ನಗಬೇಕಿತ್ತು. ಇಲ್ಲಿ ಹಾಗಾಗುವುದಿಲ್ಲ. ಮುಂದಿನ ವರ್ಷದ 'ಬೋನ್ ಕ್ರಾಸ್ಡ್'ನಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಉಸಿರುಗಟ್ಟುತ್ತದೆ, ಕೈ ನಡುಗುತ್ತದೆ. ಪ್ರೀತಿಸುವವನ ಸ್ಪರ್ಶವೂ ಭಯ ಹುಟ್ಟಿಸುತ್ತದೆ. ಗ್ಯಾರೇಜಿಗೆ ಹೋಗುತ್ತಾಳೆ, ಕಾರಿನಡಿ ಮಲಗುತ್ತಾಳೆ, ಕೆಲಸ ಮುಂದುವರಿಸುತ್ತಾಳೆ. ಎಷ್ಟೋ ಸಂಪುಟಗಳ ನಂತರವೂ ಆ ಭಯ ಒಮ್ಮೊಮ್ಮೆ ಬಾಗಿಲು ತಟ್ಟುತ್ತದೆ. ಒಂದೇ ಕಾದಂಬರಿಯಲ್ಲಿ ಗಾಯವನ್ನು ತೋರಿಸಬಹುದು. ಗಾಯದ ಜೊತೆ ವರ್ಷಗಟ್ಟಲೆ ಬದುಕುವುದನ್ನು ತೋರಿಸಲು ಹೀಗೆ ವರ್ಷಗಟ್ಟಲೆ ಬರೆಯಬೇಕು. ನಮ್ಮ ಕಚೇರಿಯ ಮಹಿಳಾ ದೂರು ಸಮಿತಿಯಲ್ಲಿ ನಾಲ್ಕು ವರ್ಷ ಕುಳಿತವಳಾಗಿ ಈ ಮಾತನ್ನು ಹೇಳುತ್ತಿದ್ದೇನೆ. ದೂರು ವಿಲೇವಾರಿಯಾದ ದಿನ ಕಡತ ಮುಚ್ಚುತ್ತದೆ, ದೂರು ಕೊಟ್ಟವಳ ಪಾಲಿಗೆ ಮುಚ್ಚುವುದಿಲ್ಲ.

ಹಾಗೆಂದು ನಾನು ಈ ಮಾಲೆಯ ಭಜನೆ ಮಾಡಲು ಕುಳಿತಿಲ್ಲ. ತೋಳಗಳ ಗುಂಪಿನಲ್ಲಿ ಹೆಣ್ಣಿನ ಸ್ಥಾನ ಅವಳ ಗಂಡನ ಸ್ಥಾನದಿಂದ ನಿರ್ಧಾರವಾಗುತ್ತದೆ. ಮರ್ಸಿ ಇದನ್ನು ಗೇಲಿ ಮಾಡುತ್ತಾಳೆ, ಲೇಖಕಿಯೂ ಮಾಡುತ್ತಾರೆ. ಆದರೆ ಬಲಶಾಲಿ ನಾಯಕನ ಗುರುಗುಟ್ಟುವಿಕೆಯನ್ನು ಪ್ರೇಮವೆಂದು ತಿಳಿಯುವ ಚಾಳಿಯಿಂದ ಮಾಲೆ ಪೂರ್ತಿ ಪಾರಾಗಿಲ್ಲ. ಲೇಖಕಿ ಮೂಲನಿವಾಸಿಯಲ್ಲ, ಪರರ ಪುರಾಣಪುರುಷ ಕೊಯೋಟಿಯನ್ನು ಕರೆತಂದು ಮಾತಾಡಿಸುವ ಹಕ್ಕು ಅವರಿಗೆ ಎಷ್ಟಿದೆ ಎಂಬ ಪ್ರಶ್ನೆ ಅಲ್ಲಿ ಕೇಳತಕ್ಕದ್ದೇ.

ಆ ಹಕ್ಕಿನ ಪ್ರಶ್ನೆ ಅದೇ ನೆಲದಲ್ಲಿ ನಿಜವಾಗಿಯೇ ಎದ್ದಿತ್ತು. 1996ರಲ್ಲಿ ಕೆನೆವಿಕ್‌ನ ನದೀತೀರದಲ್ಲಿ ಸುಮಾರು ಎಂಟೂವರೆ ಸಾವಿರ ವರ್ಷ ಹಳೆಯ ಅಸ್ಥಿಪಂಜರವೊಂದು ದೊರೆಯಿತು. ಮೂಲನಿವಾಸಿಗಳು ಇವನು ನಮ್ಮ ಪೂರ್ವಜ, ಮಣ್ಣು ಮಾಡುತ್ತೇವೆ, ಕೊಡಿರಿ ಎಂದರು. ಅದಕ್ಕೆ ಪುರಾವೆ ಏನೆಂದು ವಿಜ್ಞಾನಿಗಳು ನ್ಯಾಯಾಲಯಕ್ಕೆ ಹೋದರು. 2015ರಲ್ಲಿ ವಂಶವಾಹಿ ಪರೀಕ್ಷೆ ಮೂಲನಿವಾಸಿಗಳ ಮಾತನ್ನೇ ಎತ್ತಿಹಿಡಿಯಿತು. 2017ರಲ್ಲಿ ಅವನು ಮಣ್ಣು ಸೇರಿದ. ಸತ್ತವನಿಗೂ ತಾನು ಯಾರೆಂದು ಸಾಬೀತು ಮಾಡಲು ಎರಡು ದಶಕ ಹಿಡಿಯಿತು.

ಮಾಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ 2016ರ 'ಫೈರ್ ಟಚ್ಡ್'ನಲ್ಲಿದೆ. ಪಾಸ್ಕೊ ಮತ್ತು ಕೆನೆವಿಕ್ ಊರುಗಳನ್ನು ಕೂಡಿಸುವ ಕೇಬಲ್ ಸೇತುವೆಯ ಮೇಲೆ ದೈತ್ಯನೊಬ್ಬನೊಡನೆ ಹೋರಾಟ ಮುಗಿದಿದೆ. ಮರ್ಸಿ ಯಾರನ್ನೂ ಕೇಳದೆ ಘೋಷಿಸಿಬಿಡುತ್ತಾಳೆ: ಈ ಊರುಗಳು ನಮ್ಮ ಪ್ರದೇಶ, ಇಲ್ಲಿರುವ ಎಲ್ಲರೂ ನಮ್ಮ ರಕ್ಷಣೆಯಲ್ಲಿದ್ದಾರೆ. ಮನುಷ್ಯರು, ತೋಳಗಳು, ಯಕ್ಷರು, ಯಾರಾದರೂ ಸರಿ. ಅದರ ಬೆಲೆಯನ್ನು ಮುಂದಿನ ಸಂಪುಟಗಳಲ್ಲೆಲ್ಲ ತೆರುತ್ತಾಳೆ. ಆ ನೆಲದಲ್ಲಿ ಅವಳು ಹುಟ್ಟಿದವಳಲ್ಲ, ಬಂದು ನೆಲೆಸಿದವಳು. ಬಂದವಳು ಊರನ್ನು ತನ್ನದೆಂದು ಹೇಳಿದ್ದು ಆಳಲಿಕ್ಕಲ್ಲ, ಕಾಯಲಿಕ್ಕೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಮೂರು ತಲೆಮಾರು ಕಳೆದೂ ಬಾಡಿಗೆದಾರರಂತೆ ಮಾತಾಡುವ ನಮಗೆ ಆ ಸೇತುವೆಯ ಮಾತು ಕೇಳಿಸಬೇಕಿತ್ತು.

ಕೇಂದ್ರ ಸರ್ಕಾರದ ನೌಕರರು ರಜಾ ಪ್ರವಾಸ ರಿಯಾಯಿತಿಗಾಗಿ ತಮ್ಮ ಸ್ವಂತ ಊರು ಯಾವುದೆಂದು ಘೋಷಿಸಬೇಕು. ಇಡೀ ಸೇವಾವಧಿಯಲ್ಲಿ ಸಾಮಾನ್ಯವಾಗಿ ಒಂದೇ ಬಾರಿ ಅದನ್ನು ಬದಲಿಸಬಹುದು. ನಾನು ಗದಗ ಎಂದು ಬರೆದವಳು, ಇಂದಿಗೂ ಬದಲಿಸಿಲ್ಲ. ಮಗಳು ಈಗ ಪುಣೆಯಲ್ಲಿ ಉದ್ಯೋಗದಲ್ಲಿದ್ದಾಳೆ. ಕಳೆದ ವರ್ಷ ಅವಳ ಕಂಪನಿಯ ಅರ್ಜಿಯಲ್ಲಿ ಇಂಥದೇ ಒಂದು ಖಾನೆ ಬಂದಾಗ ನನಗೆ ಫೋನು ಮಾಡಿ, "ಆಯಿ, ನನ್ನೂರು ಯಾವುದಂತ ಬರೀಲಿ?" ಎಂದು ಕೇಳಿದಳು. ನಾನು ಥಟ್ಟನೆ ಉತ್ತರ ಕೊಡಲಾರದೆ ಹೋದೆ. ಅವಳೇ ಏನನ್ನೋ ಬರೆದಳು. ಏನೆಂದು ನಾನು ಕೇಳಲಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದ ಮೊದಲನೆಯ ಸಂಪುಟ ಅವಳ ಬಳಿಯಿದೆ. ಉಳಿದ ಹದಿಮೂರು ನನ್ನ ಮನೆಯ ಪಡಸಾಲೆಯಲ್ಲಿವೆ, 'ಚೆಲುವಿ'ಯ ಕಥೆಯಿರುವ ಜನಪದ ಕಥಾಸಂಗ್ರಹದ ಪಕ್ಕದಲ್ಲಿ. ತಿಂಗಳ ಎರಡನೆಯ ಶನಿವಾರ ನನಗೆ ರಜೆ. ಸಂಘದ ಸದಸ್ಯರ ಮಕ್ಕಳು ಯಾವ ಭಾಷೆಯಲ್ಲಿ ಕೇಳಿದರೂ ಪುಸ್ತಕ ಕೊಡುತ್ತೇನೆ. ರಿಜಿಸ್ಟರಿನಲ್ಲಿ ಹೆಸರು ಮತ್ತು ತಾರೀಖು ಬರೆದರೆ ಸಾಕು.